ಬಾಟಲಿ ಮೇಲೆ ಕಳ್ಳಭಟ್ಟಿಯವನ ಮುಖ: ಅಪಲೇಚಿಯಾ ಬೆಟ್ಟಗಳ ನಾಯಕರು ಹುಟ್ಟಿದ್ದು ಹೇಗೆ?

ನನ್ನ ಅಕ್ಕನ ಮಗ ಅಮೆರಿಕದ ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಿತು ಅಂತ ಗೆಳೆಯರ ಜೊತೆ ಸ್ಮೋಕಿ ಬೆಟ್ಟಗಳಿಗೆ ಹೋಗಿದ್ದ. ಅಲ್ಲಿನ ಗ್ಯಾಟ್ಲಿನ್‌ಬರ್ಗ್ ಊರಿನಿಂದ ಒಂದು ಫೋಟೊ ಕಳಿಸಿದ. ಅಂಗಡಿಯ ತುಂಬ ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಜಾರ್‌ಗಳು. ಒಳಗೆ ನೀರಿನಷ್ಟು ತಿಳಿಯಾದ ಮದ್ಯ. ಹಿಂದಿನ ಗೋಡೆಯ ಮೇಲೆ ಒಬ್ಬ ಮುದುಕನ ಚಿತ್ರ: ಎದೆಗಿಳಿದ ಗಡ್ಡ, ಮಾಸಿದ ಟೋಪಿ, ಹೆಗಲಪಟ್ಟಿಯ ಡಂಗ್ರಿ. ಕೆಳಗೆ ಅವನ ಪ್ರಶ್ನೆ: 'ಮಾಮ, ಈ ಮನುಷ್ಯ ಕಳ್ಳಭಟ್ಟಿ ಕೇಸಲ್ಲಿ ಶಿಕ್ಷೆಯಾದವನಂತೆ. ಇಲ್ಲಿ ನೋಡಿದರೆ ಮನೆ ಹಿರಿಯರ ಫೋಟೊ ಥರ ಇಟ್ಟಿದ್ದಾರೆ. ಯಾಕೆ?'

ಅವನಿಗೆ ಬರೆಯಲು ಕೂತ ಉತ್ತರವೇ ಬೆಳೆದು ಈ ಲೇಖನವಾಯಿತು. ಆ ಬೆಟ್ಟಗಳಿಗೆ ಹೋಗಿ ಬರುವ ಕನ್ನಡಿಗರು ಈಗ ಬಹಳ ಜನ ಇದ್ದಾರೆ. ಅವರಿಗೂ ಈ ಪ್ರಶ್ನೆ ಬಂದಿರುತ್ತದೆ, ಅಲ್ವಾ?

ಮೊದಲು ನಾಲ್ಕು ಪದ

ಅಪಲೇಚಿಯಾ ಅಂದರೆ ಅಮೆರಿಕದ ಪೂರ್ವ ಭಾಗದಲ್ಲಿ ಉದ್ದಕ್ಕೆ ಚಾಚಿರುವ ಬೆಟ್ಟಸಾಲು. ನಮ್ಮ ಕಥೆ ನಡೆಯುವುದು ಅದರ ದಕ್ಷಿಣದ ಪಾಲಿನಲ್ಲಿ: ಟೆನೆಸಿ, ಕೆಂಟಕಿ, ಉತ್ತರ ಕೆರೊಲಿನಾ, ದಕ್ಷಿಣ ಕೆರೊಲಿನಾ, ಜಾರ್ಜಿಯಾ, ವರ್ಜೀನಿಯಾ ರಾಜ್ಯಗಳ ಬೆಟ್ಟದ ಊರುಗಳಲ್ಲಿ.

ಮೂನ್‌ಶೈನ್ ಅಂದರೆ ಬೆಳದಿಂಗಳು. ತೆರಿಗೆ ಕಟ್ಟದೆ, ಲೈಸೆನ್ಸ್ ಇಲ್ಲದೆ, ರಾತ್ರಿ ಹೊತ್ತು ಕದ್ದು ಇಳಿಸಿದ ಮದ್ಯಕ್ಕೆ ಈ ಹೆಸರು ಅಂಟಿಕೊಂಡಿತು. ನಮ್ಮ ಕಳ್ಳಭಟ್ಟಿ ಸಾರಾಯಿಗೆ ಅಣ್ಣನೋ ತಮ್ಮನೋ ಅನ್ನಬಹುದು. ಬೆಟ್ಟದ ಜನ ಅದನ್ನು ಕಾಯಿಸುವವನನ್ನು ಹಿಂದೆಲ್ಲ ಬ್ಲಾಕೇಡರ್ ಎಂದು ಕರೆಯುತ್ತಿದ್ದರು. ಹಿಡಿಯಲು ಬರುವ ಅಬಕಾರಿ ಅಧಿಕಾರಿ ರೆವೆನ್ಯೂಯರ್. ಆ ಮದ್ಯಕ್ಕೆ ಮೌಂಟನ್ ಡ್ಯೂ, ಅಂದರೆ ಬೆಟ್ಟದ ಇಬ್ಬನಿ, ಅನ್ನುವ ಮುದ್ದಿನ ಹೆಸರೂ ಇತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ಹಸಿರು ಬಾಟಲಿಯ ಕೂಲ್ ಡ್ರಿಂಕ್ ನೆನಪಾಯಿತೇ? ಅದು 1940ರ ದಶಕದಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ವಿಸ್ಕಿಗೆ ಬೆರೆಸಿಕೊಳ್ಳಲೆಂದು ತಯಾರಾದ ಪಾನೀಯ. ಹೆಸರು ಬಂದದ್ದು ಇಲ್ಲಿಂದಲೇ.

ಕಾಳು ಮದ್ಯವಾಗುವುದು ಹೇಗೆ

ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿದರೆ ಒಂದು ಸಿಹಿ ಬರುತ್ತದೆ. ಮೊಳಕೆ ಒಡೆಯುವಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ಶುರುವಾಗುತ್ತದೆ, ಅದಕ್ಕೇ ಆ ಸಿಹಿ. ಅಪಲೇಚಿಯಾದವರು ಇದನ್ನೇ ಮೆಕ್ಕೆಜೋಳದಲ್ಲಿ ಮಾಡಿದರು. ಮೊಳಕೆ ಜೋಳವನ್ನು ಬೀಸಿ, ಜೋಳದ ಹಿಟ್ಟಿನ ಬಿಸಿ ಗಂಜಿಗೆ ಬೆರೆಸಿ, ಮರದ ಪೀಪಾಯಿಯಲ್ಲಿ ಬಿಡುತ್ತಿದ್ದರು. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುವ ಹಾಗೆ ಇದೂ ಕೆಲವು ದಿನ ಗುಳುಗುಳು ಅನ್ನುತ್ತಾ ಹುಳಿಯುತ್ತದೆ. ನಮ್ಮಲ್ಲಿ ಬೆಲ್ಲದ ಕೊಳೆ ಅಂತಾರಲ್ಲ, ಹಾಗೆ ಇದು ಜೋಳದ ಕೊಳೆ.

ಆಮೇಲೆ ಭಟ್ಟಿ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ನೀರಿಗೆ 100 ಬೇಕು. ತಾಮ್ರದ ಹಂಡೆಯಲ್ಲಿ ಕೊಳೆಯನ್ನು ಹದವಾಗಿ ಕಾಯಿಸಿದರೆ ಮೊದಲು ಏಳುವ ಆವಿಯಲ್ಲಿ ಆಲ್ಕೋಹಾಲೇ ಜಾಸ್ತಿ. ಅನ್ನದ ತಪ್ಪಲೆಯ ಮುಚ್ಚಳದ ಒಳಗೆ ಹನಿ ಕೂರುತ್ತದಲ್ಲ, ಅದೇ ಕೆಲಸವನ್ನು ಇಲ್ಲಿ ಸುರುಳಿ ಸುತ್ತಿದ ತಾಮ್ರದ ಕೊಳವೆ ಮಾಡುತ್ತದೆ. ಅಲ್ಲಿನವರು ಅದನ್ನು ವರ್ಮ್, ಅಂದರೆ ಹುಳು, ಅನ್ನುತ್ತಾರೆ. ಈ ಸುರುಳಿ ತಣ್ಣೀರಿನ ಪೀಪಾಯಿಯೊಳಗೆ ಮುಳುಗಿರುತ್ತದೆ. ಆವಿ ತಣಿದು, ಕೊನೆಯ ತುದಿಯಿಂದ ಸಣ್ಣ ಧಾರೆಯಾಗಿ ಇಳಿಯುತ್ತದೆ.

ತಣ್ಣೀರು ಸದಾ ಹರಿಯುತ್ತಿರಬೇಕು. ಆದ್ದರಿಂದ ಭಟ್ಟಿ ಇರುವುದು ತೊರೆಯ ಪಕ್ಕದಲ್ಲೇ. ರೆವೆನ್ಯೂಯರ್‌ಗಳಿಗೂ ಇದು ಗೊತ್ತಿತ್ತು. ಅವರು ತೊರೆಗಳ ಗುಂಟ ಹತ್ತಿಕೊಂಡು ಬರುತ್ತಿದ್ದರು. ಹೊಗೆ ಕಂಡರೆ ಸಿಕ್ಕಿಬಿದ್ದ ಹಾಗೆ. ಹಾಗಾಗಿ ರಾತ್ರಿ ಕೆಲಸ, ಹೊಗೆ ಕಮ್ಮಿ ಬರುವ ಒಣ ಕಟ್ಟಿಗೆ.

ಮದ್ಯ ಇಳಿದ ಮೇಲೆ ಹಳಬರ ಪರೀಕ್ಷೆ ಸರಳ. ಒಂದಿಷ್ಟನ್ನು ಜಾರ್‌ಗೆ ಹಾಕಿ ಕುಲುಕುವುದು, ಮೇಲೇಳುವ ಗುಳ್ಳೆ ನೋಡುವುದು. ಗುಳ್ಳೆ ದಪ್ಪಗಿದ್ದು ಬೇಗ ಒಡೆದರೆ ಖಾರ ಜಾಸ್ತಿ. ಸಣ್ಣಗಿದ್ದು ನಿಧಾನವಾಗಿ ಕರಗಿದರೆ ನೀರು ಜಾಸ್ತಿ.

ಜೋಳವನ್ನು ಜೋಳವಾಗಿಯೇ ಮಾರಬಹುದಿತ್ತಲ್ಲ?

ಮಾರಬಹುದಿತ್ತು, ರಸ್ತೆ ಇದ್ದಿದ್ದರೆ. 18ನೇ ಶತಮಾನದಲ್ಲಿ ಉತ್ತರ ಐರ್ಲೆಂಡ್ ಕಡೆಯಿಂದ ಬಂದ ಸ್ಕಾಟ್ಸ್-ಐರಿಷ್ ಜನ ಈ ಬೆಟ್ಟಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರು. ವಿಸ್ಕಿ ಇಳಿಸುವ ವಿದ್ಯೆ ಅವರ ಜೊತೆಗೇ ಬಂತು. ಮೆಕ್ಕೆಜೋಳ ಅಲ್ಲಿನ ಮೂಲನಿವಾಸಿಗಳ ಬೆಳೆ. ಎರಡೂ ಅಲ್ಲಿ ಕೂಡಿದವು.

ಇಳಿಜಾರಿನ ಹೊಲ, ಕಾಲುದಾರಿ, ಪೇಟೆ ದಿನಗಟ್ಟಲೆ ದೂರ. ಹೇರುಕುದುರೆಯೊಂದು ಸುಮಾರು 4 ಬುಷೆಲ್ ಕಾಳು ಹೊರುತ್ತದೆ, ಅಂದರೆ ಹೆಚ್ಚುಕಮ್ಮಿ 100 ಕಿಲೊ. ಅದೇ ಕಾಳನ್ನು ವಿಸ್ಕಿ ಮಾಡಿದರೆ 24 ಬುಷೆಲ್‌ನ ಬೆಳೆ ಒಂದೇ ಕುದುರೆಯ ಬೆನ್ನ ಮೇಲೆ ಹೋಗುತ್ತದೆ. ಕಾಳಿಗೆ ಹುಳ ಹಿಡಿಯುತ್ತದೆ, ಬೂಸ್ಟು ಬರುತ್ತದೆ. ವಿಸ್ಕಿಗೆ ಎರಡೂ ಇಲ್ಲ. ದುಡ್ಡಿನ ಓಡಾಟವೇ ಕಮ್ಮಿಯಿದ್ದ ಆ ಊರುಗಳಲ್ಲಿ ಉಪ್ಪು, ಕಬ್ಬಿಣ ಕೊಳ್ಳಲೂ ಅದೇ ನಡೆಯುತ್ತಿತ್ತು. ಬೆಟ್ಟದ ರೈತನಿಗೆ ಭಟ್ಟಿ ಅಂದರೆ ನಮ್ಮ ಕಬ್ಬಿನ ರೈತನಿಗೆ ಆಲೆಮನೆ ಇದ್ದ ಹಾಗೆ. ಬೆಳೆ ಹಣವಾಗುವ ಜಾಗ ಅದು.

ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಅವರ ಕಣ್ಣಿಗೆ ಅದು ಅಪರಾಧವಾಗಿ ಕಾಣಲೇ ಇಲ್ಲ. ಅಜ್ಜ ಮಾಡಿದ್ದನ್ನೇ ಮೊಮ್ಮಗ ಮಾಡುತ್ತಿದ್ದ. ನಡುವೆ ಬದಲಾದದ್ದು ಕಾನೂನು.

ತೆರಿಗೆ ಬಂತು, ಹೋಯಿತು, ಮತ್ತೆ ಬಂತು

ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಅಮೆರಿಕದ ಹೊಸ ಸರ್ಕಾರ 1791ರಲ್ಲಿ ಮದ್ಯದ ಮೇಲೆ ತೆರಿಗೆ ಹಾಕಿತು. ದೊಡ್ಡ ಭಟ್ಟಿಯವರಿಗೆ ಗ್ಯಾಲನ್‌ಗೆ (ಸುಮಾರು 3.8 ಲೀಟರ್) ಬೀಳುವ ಹೊರೆ ಕಮ್ಮಿ, ಸಣ್ಣವರಿಗೆ ಜಾಸ್ತಿ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಸಿಡಿದೆದ್ದರು. 1794ರಲ್ಲಿ ತೆರಿಗೆ ಅಧಿಕಾರಿಯೊಬ್ಬರ ಮನೆ ಸುಟ್ಟರು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಪಡೆ ಕೂಡಿಸಿ ಹೊರಟರು. ದಂಗೆ ಅಡಗಿತು. ದೇಶದ್ರೋಹದ ಶಿಕ್ಷೆ ಬಿದ್ದ ಇಬ್ಬರಿಗೂ ಕ್ಷಮೆ ಸಿಕ್ಕಿತು. 1802ರಲ್ಲಿ ತೆರಿಗೆಯೇ ಹೋಯಿತು. ಆಮೇಲೆ 1814ರಿಂದ ಮೂರ್ನಾಲ್ಕು ವರ್ಷ ಬಿಟ್ಟರೆ ಸುಮಾರು 60 ವರ್ಷ ಬೆಟ್ಟದಲ್ಲಿ ಯಾರೂ ಕೇಳುವವರಿರಲಿಲ್ಲ. ಎರಡು ತಲೆಮಾರು ಹಾಗೇ ಬೆಳೆಯಿತು.

1862ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಖರ್ಚಿಗೆ ತೆರಿಗೆ ವಾಪಸ್ ಬಂತು. ಮೊದಲು ಗ್ಯಾಲನ್‌ಗೆ 20 ಸೆಂಟ್. 1865ರ ಹೊತ್ತಿಗೆ 2 ಡಾಲರ್. ಮದ್ಯ ಇಳಿಸುವ ಖರ್ಚಿನ ಹಲವು ಪಟ್ಟು ತೆರಿಗೆಯೇ ಆಯಿತು. 1868ರಲ್ಲಿ 50 ಸೆಂಟ್‌ಗೆ ಇಳಿದು, 1875ರಲ್ಲಿ 90ಕ್ಕೆ, 1894ರಲ್ಲಿ 1 ಡಾಲರ್ 10 ಸೆಂಟ್‌ಗೆ ಏರಿತು. ಅಷ್ಟು ಸಣ್ಣ ಭಟ್ಟಿಗಳ ಬೆನ್ನು ಸರ್ಕಾರ ಹತ್ತಿದ್ದಾದರೂ ಯಾಕೆ? ಆಗ ಅಮೆರಿಕದಲ್ಲಿ ಈಗಿನಂಥ ಆದಾಯ ತೆರಿಗೆ ಇರಲಿಲ್ಲ, ಅದು ನೆಲೆಯೂರಿದ್ದು 1913ರಲ್ಲಿ. ಅಲ್ಲಿಯವರೆಗೆ ಕೇಂದ್ರದ ಬೊಕ್ಕಸದ ಸುಮಾರು ಮೂರನೇ ಒಂದು ಪಾಲು ಮದ್ಯದ ತೆರಿಗೆಯಿಂದಲೇ ತುಂಬುತ್ತಿತ್ತು.

ಹಿಡಿಯಲು ಬರುವವರ ಮೇಲಿನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. 1896ರವರೆಗೆ ಡೆಪ್ಯುಟಿ ಮಾರ್ಷಲ್‌ಗಳಿಗೆ, ಅಂದರೆ ಕೇಂದ್ರದ ಪರವಾಗಿ ಬಂಧಿಸಲು ಬರುವ ಅಧಿಕಾರಿಗಳಿಗೆ, ಸಂಬಳ ಅಂತ ಇರಲಿಲ್ಲ. ಎಷ್ಟು ಜನರನ್ನು ಹಿಡಿದರು, ಎಷ್ಟು ಮೈಲಿ ಓಡಾಡಿದರು ಅನ್ನುವ ಲೆಕ್ಕದಲ್ಲಿ ಫೀ. ಟ್ರಾಫಿಕ್ ಪೊಲೀಸರಿಗೆ ಸಂಬಳ ನಿಲ್ಲಿಸಿ, ಹಾಕಿದ ದಂಡಕ್ಕೆ ಇಷ್ಟಿಷ್ಟು ಅಂತ ಕೊಟ್ಟರೆ ಹೇಗಿರುತ್ತದೆ ಯೋಚಿಸಿ. ಅಧಿಕಾರಿ ಬಾಗಿಲಿಗೆ ಬಂದರೆ 'ಇವನು ನನ್ನನ್ನು ಹಿಡಿದು ದುಡ್ಡು ಮಾಡಿಕೊಳ್ಳಲು ಬಂದ' ಅಂತಲೇ ಜನರಿಗೆ ಅನಿಸುತ್ತಿತ್ತು. 1876ರಿಂದ 1883ರವರೆಗೆ ತೆರಿಗೆ ಕಮಿಷನರ್ ಆಗಿದ್ದ ಗ್ರೀನ್ ರಾಮ್ ಬೆಟ್ಟಗಳಿಗೆ ಶಸ್ತ್ರಸಜ್ಜಿತ ತಂಡಗಳನ್ನು ನುಗ್ಗಿಸಿದರು. ಎರಡೂ ಕಡೆ ಹೆಣ ಬಿದ್ದವು.

ಲೂಯಿಸ್ ರೆಡ್ಮಂಡ್: 21ರ ಹುಡುಗ

1876ರ ಮಾರ್ಚ್ 1. ಉತ್ತರ ಕೆರೊಲಿನಾದ ಟ್ರಾನ್ಸಿಲ್ವೇನಿಯಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಂದು ದಾರಿ. ಲೂಯಿಸ್ ರೆಡ್ಮಂಡ್ ಅನ್ನುವ ಹುಡುಗ ಬಂಡಿಯಲ್ಲಿ ಹೋಗುತ್ತಿದ್ದ. ಅವನಿಗೆ ಆಗಿನ್ನೂ 22 ತುಂಬಿರಲಿಲ್ಲ. ಡೆಪ್ಯುಟಿ ಮಾರ್ಷಲ್ ಆಲ್ಫ್ರೆಡ್ ಡಕ್‌ವರ್ತ್ ತಡೆದು, ಬಂಧಿಸುತ್ತೇನೆ ಅಂದ. ವಾರೆಂಟ್ ಎಲ್ಲಿ ಅಂತ ರೆಡ್ಮಂಡ್ ಕೇಳಿದನಂತೆ. ಕಾಗದ ತೆಗೆಯಲು ಡಕ್‌ವರ್ತ್ ಕೈ ಹಾಕಿದ. ಅಷ್ಟು ಹೊತ್ತಿಗೆ ರೆಡ್ಮಂಡ್ ಗುಂಡು ಹಾರಿಸಿದ. ಡಕ್‌ವರ್ತ್ ಸತ್ತ.

ಅಲ್ಲಿಂದ ಗಡಿ ದಾಟಿ ದಕ್ಷಿಣ ಕೆರೊಲಿನಾದ ಪಿಕೆನ್ಸ್ ಕೌಂಟಿ ಸೇರಿದ. ಐದು ವರ್ಷ ಕೈಗೆ ಸಿಗಲಿಲ್ಲ. ಬೆಟ್ಟದ ಮನೆಗಳು ಊಟ ಹಾಕಿದವು, ಸುದ್ದಿ ಮುಟ್ಟಿಸಿದವು, ಅಧಿಕಾರಿಗಳು ಕೇಳಿದರೆ ಬಾಯಿ ಮುಚ್ಚಿಕೊಂಡವು. 1878ರಲ್ಲಿ ಚಾರ್ಲ್ಸ್‌ಟನ್‌ನ ಪತ್ರಿಕೆಯೊಂದರ ವರದಿಗಾರ ಅವನ ಅಡಗುತಾಣಕ್ಕೇ ಹೋಗಿ ಮಾತಾಡಿಸಿ ಬಂದ. ಜನ ಮುಗಿಬಿದ್ದು ಓದಿದರು. ಅಗ್ಗದ ರೋಚಕ ಕಾದಂಬರಿಗಳಿಗೂ ಅವನು ವಸ್ತುವಾದ.

ಇಲ್ಲಿ ಕಾಲವನ್ನು ಗಮನಿಸಬೇಕು. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳು ಸೋತಿದ್ದವು. ದಕ್ಷಿಣ ಕೆರೊಲಿನಾದಲ್ಲಿ 1877ರವರೆಗೂ ಕೇಂದ್ರದ ಸೈನಿಕರು ಇದ್ದರು. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರಿಗೆ ಮತದ ಹಕ್ಕು ಬಂದದ್ದನ್ನು ಅಲ್ಲಿನ ಬಹಳಷ್ಟು ಬಿಳಿಯರು ಸಹಿಸಲಿಲ್ಲ. ಅಂಥ ಹೊತ್ತಿನಲ್ಲಿ ಕೇಂದ್ರದ ಅಧಿಕಾರಿಗೆ ಬಂದೂಕು ತೋರಿಸಿದ ಹುಡುಗ ಅವರಿಗೆ ಬೇಕಾಗಿದ್ದ. ಬೆಟ್ಟದ ಬಡವನ ಸಿಟ್ಟು ಒಂದು, ಪೇಟೆಯ ಪತ್ರಿಕೆಗಳ ರಾಜಕೀಯ ಇನ್ನೊಂದು. ಎರಡೂ ಒಂದೇ ಹೆಸರಿನ ಮೇಲೆ ಕೂತವು. ರೆಡ್ಮಂಡ್ ಕಥೆ ಹೇಳುವವರು ಈ ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು ಅಂತ ನನಗನಿಸುತ್ತದೆ.

1881ರಲ್ಲಿ ಹಲವು ಗುಂಡೇಟು ತಿಂದು ಸಿಕ್ಕಿಬಿದ್ದ. ಹತ್ತು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಆರೋಗ್ಯ ಕೆಟ್ಟಿತು. 1884ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಕ್ಷಮೆ ಕೊಟ್ಟರು. ಹೊರಬಂದವನು ದಕ್ಷಿಣ ಕೆರೊಲಿನಾದ ವಾಲ್ಹಾಲಾದಲ್ಲಿ ಒಂದು ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ. ಈ ಸಲ ಸರ್ಕಾರದ ಲೈಸೆನ್ಸ್ ಇದ್ದ ಭಟ್ಟಿ. ಅಲ್ಲಿನ ವಿಸ್ಕಿ ಬಾಟಲಿಯ ಲೇಬಲ್ ಮೇಲೆ ಅವನದೇ ಚಿತ್ರ ಹಾಕಿ ಮಾರಿದರು. 1906ರಲ್ಲಿ ತೀರಿಕೊಂಡ.

ಅಕ್ಕನ ಮಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಬಾಟಲಿ ಮೇಲೆ ಕಳ್ಳಭಟ್ಟಿಯವನ ಮುಖ ಹಾಕುವುದು ಇವತ್ತಿನ ಜಾಹೀರಾತಿನವರು ಕಂಡುಹಿಡಿದದ್ದಲ್ಲ.

ಮಹಾಲಾ: ಹಿಡಿಯಬಹುದು, ತರೋಕಾಗಲ್ಲ

ಟೆನೆಸಿಯ ಹ್ಯಾನ್ಕಾಕ್ ಕೌಂಟಿಯಲ್ಲಿ ನ್ಯೂಮನ್ಸ್ ರಿಡ್ಜ್ ಅನ್ನುವ ಬೆಟ್ಟವಿದೆ. ಅದರ ಮೇಲೆ ಮರದ ದಿಮ್ಮಿಗಳ ಮನೆಯಲ್ಲಿ ಮಹಾಲಾ ಮುಲಿನ್ಸ್ ಇದ್ದಳು. ಹುಟ್ಟಿದ್ದು 1824ರಲ್ಲಿ, ತೀರಿಕೊಂಡದ್ದು 1898ರಲ್ಲಿ. ಮೆಲಂಜನ್ ಎಂದು ಕರೆಸಿಕೊಳ್ಳುತ್ತಿದ್ದ ಬೆರಕೆ ಮೂಲದ ಸಮುದಾಯದವಳು. ಬಿಳಿಯರು ಅವರನ್ನು ಕೀಳಾಗಿ ಕಾಣುತ್ತಿದ್ದರು, ಒಳ್ಳೆಯ ಬಯಲು ಜಮೀನು ಅವರಿಗೆ ದಕ್ಕುತ್ತಿರಲಿಲ್ಲ. ಮಹಾಲಾ ಮನೆಯಿಂದಲೇ ಮದ್ಯ ಮಾರುತ್ತಿದ್ದಳು. ಅವಳ ಮಾಲು ಶುದ್ಧ ಅಂತ ಹೆಸರಿತ್ತು.

ಅವಳ ಮೈ ತುಂಬ ದಪ್ಪ. ತೂಕ ಎಷ್ಟು ಅನ್ನುವುದಕ್ಕೆ ಊರಿಗೊಂದು ಲೆಕ್ಕ ಹೇಳುತ್ತಾರೆ. ಅಧಿಕಾರಿಗಳು ವಾರೆಂಟ್ ಹಿಡಿದು ಬೆಟ್ಟ ಹತ್ತಿ ಬಂದರೆ ಅವಳು ಓಡಲಿಲ್ಲ, ಅಡಗಲಿಲ್ಲ. ಮಂಚದ ಮೇಲೆ ಕೂತೇ ಇದ್ದಳು. ಬಾಗಿಲಿನಿಂದ ಆಕೆಯನ್ನು ಹೊರಗೆ ತರುವ ದಾರಿಯಿರಲಿಲ್ಲ, ತಂದರೂ ಆ ಕಡಿದಾದ ಹಾದಿಯಲ್ಲಿ ಇಳಿಸುವ ದಾರಿಯಿರಲಿಲ್ಲ. 'ಹಿಡಿಯಬಹುದು, ತರೋಕಾಗಲ್ಲ' ಅಂತ ಅಧಿಕಾರಿ ವರದಿ ಕೊಟ್ಟ ಅನ್ನುವುದು ಇವತ್ತಿಗೂ ಅಲ್ಲಿ ಗಾದೆಯ ಹಾಗೆ ಓಡಾಡುವ ಮಾತು. ಸತ್ತಾಗ ಹೊಗೆಗೂಡಿನ ಕಡೆಯ ಗೋಡೆ ತೆಗೆದು ಹೊರಗೆ ತಂದರಂತೆ.

ಬಂದೂಕಿಲ್ಲ, ಓಟವಿಲ್ಲ. ಆದರೂ ಅವಳು ಆ ಸೀಮೆಯ ನಾಯಕಿ. ಅವಳ ಮನೆಯನ್ನು ಬೆಟ್ಟದಿಂದ ಇಳಿಸಿ ಕೆಳಗಿನ ವಾರ್ಡಿ ಕಣಿವೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಯಾರು ನಾಯಕ ಆಗುತ್ತಾರೆ, ಯಾರು ಆಗಲ್ಲ

ಸಾವಿರಾರು ಜನ ಭಟ್ಟಿ ಕಾಯಿಸಿದರು. ಹೆಸರು ಉಳಿದದ್ದು ಬೆರಳೆಣಿಕೆಯವರದು. ಇಂಥವರನ್ನು ಇತಿಹಾಸಕಾರರು 'ಸಾಮಾಜಿಕ ಡಕಾಯಿತ' ಎಂದು ಕರೆಯುತ್ತಾರೆ. ಸರ್ಕಾರಕ್ಕೆ ಅಪರಾಧಿ, ಊರಿಗೆ ನಮ್ಮವನು. ಈ ಪಟ್ಟ ಸಿಗಬೇಕಾದರೆ ಊರಿನವರ ಲೆಕ್ಕದಲ್ಲಿ ಆ ಮನುಷ್ಯ ಪಕ್ಕದ ಮನೆಯವರನ್ನು ದೋಚಿರಬಾರದು. ಕಾನೂನು ಹೊರಗಿನಿಂದ ಬಂದದ್ದಾಗಿರಬೇಕು. ಮಾಲಿನಲ್ಲಿ ಮೋಸ ಇರಬಾರದು. ಜೊತೆಗೆ ಹೇಳಲು ಒಂದು ಒಳ್ಳೆ ಕಥೆ ಬೇಕು.

ಕನ್ನಡದವರಿಗೆ ಇದು ಹೊಸದಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಸರ್ಕಾರದ ಕಾಗದದಲ್ಲಿ ಅವರು ದಂಗೆಕೋರರು, ಲಾವಣಿಯಲ್ಲಿ ವೀರರು. ಎರಡು ಕಥೆಗಳ ತೂಕ ಒಂದೇ ಅಲ್ಲ. ಹಲಗಲಿಯದು ಪರಕೀಯ ಆಳ್ವಿಕೆಯ ವಿರುದ್ಧದ ಹೋರಾಟ, ಅಪಲೇಚಿಯಾದ್ದು ತಮ್ಮದೇ ದೇಶದ ತೆರಿಗೆಯ ಜಗಳ. ಆದರೆ ಹಾಡು ಯಾರ ಪಕ್ಷ ಹಿಡಿಯುತ್ತದೆ ಅನ್ನುವುದು ಎರಡು ಕಡೆಯೂ ಒಂದೇ.

ಹಾಡಿನಲ್ಲಿ ಇಲ್ಲದ್ದೂ ಬಹಳ ಇದೆ. ಊರಿನ ಮೌನ ಬರೀ ಪ್ರೀತಿಯಿಂದ ಬಂದದ್ದಲ್ಲ. ಉತ್ತರ ಜಾರ್ಜಿಯಾದಲ್ಲಿ 1880ರ ದಶಕದ ಕೊನೆಯಿಂದ ವೈಟ್‌ಕ್ಯಾಪ್ ಎಂಬ ಮುಸುಕುಧಾರಿ ಗುಂಪುಗಳು ಹುಟ್ಟಿಕೊಂಡವು. ಭಟ್ಟಿಯ ಸುಳಿವು ಕೊಟ್ಟವರನ್ನು ರಾತ್ರಿ ಎಳೆದು ಹೊಡೆದರು, ಮನೆ ಸುಟ್ಟರು, ಕೊಂದರು. ವಿಷದ ಮಾತಂತೂ ಬೇರೆಯೇ. ಕಾಸಿನಾಸೆಗೆ ತಾಮ್ರದ ಸುರುಳಿ ಬಿಟ್ಟು ಹಳೆ ಕಾರಿನ ರೇಡಿಯೇಟರ್ ಬಳಸಿದವರ ಮದ್ಯದಲ್ಲಿ ಬೆಸುಗೆಯ ಸೀಸ ಇಳಿಯುತ್ತಿತ್ತು. 1951ರಲ್ಲಿ ಅಟ್ಲಾಂಟಾದಲ್ಲಿ ಮೆಥನಾಲ್ ಬೆರೆಸಿದ ಮದ್ಯ ಕುಡಿದು ಸುಮಾರು 40 ಜನ ಸತ್ತರು. ನಮ್ಮ ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದೂ ಇಂಥದೇ ವಿಷದಿಂದ. ಹೀಗೆ ಮಾರಿದವರ ಮೇಲೆ ಯಾರೂ ಹಾಡು ಕಟ್ಟಿಲ್ಲ.

ಕುದುರೆಯಿಂದ ಕಾರಿಗೆ

1920ರಿಂದ 1933ರವರೆಗೆ ಅಮೆರಿಕದಾದ್ಯಂತ ಪಾನನಿಷೇಧ. ಬೇಡಿಕೆ ಏರಿತು, ಭಟ್ಟಿಗಳು ದೊಡ್ಡವಾದವು, ಜೋಳದ ಜಾಗಕ್ಕೆ ಸಕ್ಕರೆ ಬಂತು. ಈಗ ಕಾಯಿಸುವವನಿಗಿಂತ ಸಾಗಿಸುವವನು ಮುಖ್ಯ. ಹಿಂದಿನ ಸೀಟು ಕಿತ್ತ ಫೋರ್ಡ್ ಕಾರು, ಬಲವಾದ ಇಂಜಿನ್. ಭಾರ ಹೇರಿದಾಗ ಹಿಂಭಾಗ ಕುಸಿದರೆ ಪೊಲೀಸರಿಗೆ ಗುಟ್ಟು ಗೊತ್ತಾಗುತ್ತದೆ. ಹಾಗಾಗಿ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕುತ್ತಿದ್ದರು.

ಉತ್ತರ ಕೆರೊಲಿನಾದ ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ ಹೀಗೆ ಅಪ್ಪನ ಮಾಲು ಸಾಗಿಸುತ್ತಾ ಡ್ರೈವಿಂಗ್ ಕಲಿತವರು. ಹುಟ್ಟಿದ್ದು 1931ರಲ್ಲಿ. ಮೊದಲ ಕಾರ್ ರೇಸಿಗೆ ಕರೆ ಬಂದಾಗ ತಾನು ಹೇಸರಗತ್ತೆ ಕಟ್ಟಿ ಬರಿಗಾಲಲ್ಲಿ ಉಳುತ್ತಿದ್ದೆ ಎಂದು ಹೇಳುತ್ತಿದ್ದರು. ರಸ್ತೆಯಲ್ಲಿ ಯಾವತ್ತೂ ಸಿಗಲಿಲ್ಲ ಅನ್ನುವುದು ಅವರ ಹೆಮ್ಮೆಯಾಗಿತ್ತು. ಸಿಕ್ಕಿದ್ದು 1956ರಲ್ಲಿ, ಅಪ್ಪನ ಭಟ್ಟಿಯ ಹತ್ತಿರ. ಓಡುವಾಗ ಮುಳ್ಳುತಂತಿಯ ಬೇಲಿಗೆ ತಗುಲಿಕೊಂಡರು. ಓಹಿಯೊದ ಜೈಲಿನಲ್ಲಿ 11 ತಿಂಗಳು ಇದ್ದು ಬಂದರು. 1948ರಲ್ಲಿ ಶುರುವಾಗಿದ್ದ ನ್ಯಾಸ್‌ಕಾರ್ ರೇಸ್‌ಗಳಲ್ಲಿ ಚಾಲಕರಾಗಿ 50 ಗೆಲುವು ಕಂಡರು, 1960ರ ಡೇಟೋನಾ 500 ಎಂಬ ದೊಡ್ಡ ರೇಸ್ ಕೂಡ ಅದರಲ್ಲಿದೆ. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮೆ ಕೊಟ್ಟರು. ಅಮೆರಿಕದ ಜನಪ್ರಿಯ ಕಾರ್ ರೇಸಿನ ಮೊದಲ ತಲೆಮಾರಿನಲ್ಲಿ ಇಂಥ ಚಾಲಕರು, ಮೆಕ್ಯಾನಿಕ್‌ಗಳು ಹಲವರಿದ್ದರು.

ಫೋಟೊದಲ್ಲಿದ್ದ ಮುದುಕ

ಇನ್ನು ಗೋಡೆಯ ಮೇಲಿನ ಚಿತ್ರ. ಅವರು ಮಾರ್ವಿನ್ ಸಟನ್. ಬಾರೊಂದರಲ್ಲಿ ಪಾಪ್‌ಕಾರ್ನ್ ಯಂತ್ರ ದುಡ್ಡು ನುಂಗಿತು ಅಂತ ಸಿಟ್ಟಿನಲ್ಲಿ ಅದನ್ನು ಹೊಡೆದು ಹಾಕಿದ್ದರಿಂದ ಪಾಪ್‌ಕಾರ್ನ್ ಸಟನ್ ಎಂದೇ ಹೆಸರಾದರು. 1946ರಲ್ಲಿ ಉತ್ತರ ಕೆರೊಲಿನಾದ ಮ್ಯಾಗಿ ವ್ಯಾಲಿ ಕಡೆ ಹುಟ್ಟಿದವರು. ಹಿಂದಿನವರೆಲ್ಲ ಅಡಗಿಕೊಂಡರೆ ಇವರು ಕ್ಯಾಮೆರಾ ಮುಂದೆ ಕೂತು ಭಟ್ಟಿ ಇಳಿಸುವುದನ್ನು ತೋರಿಸಿದರು. ಪ್ರವಾಸಿಗರು ಹುಡುಕಿಕೊಂಡು ಬಂದರು, ಅಧಿಕಾರಿಗಳೂ ಬಂದರು. 2008ರಲ್ಲಿ ದಾಳಿಯಾಯಿತು, 2009ರ ಜನವರಿಯಲ್ಲಿ 18 ತಿಂಗಳ ಶಿಕ್ಷೆ ಬಿತ್ತು. ಮನೆಯಲ್ಲೇ ಶಿಕ್ಷೆ ಅನುಭವಿಸಲು ಬಿಡಿ ಎಂಬ ಮನವಿಗೆ ಕೋರ್ಟು ಒಪ್ಪಲಿಲ್ಲ. ಜೈಲಿಗೆ ಹೋಗುವ ಮುಂಚೆ, ಆ ಮಾರ್ಚ್ 16ರಂದು, ತಾವೇ ಜೀವ ಕಳೆದುಕೊಂಡರು. ವಯಸ್ಸು 62. ಕಥೆ ಹೇಳುವವರು ಇದನ್ನು ಶೌರ್ಯದ ಹಾಗೆ ಹೇಳುವುದುಂಟು. ನನಗೆ ಅದು ಒಬ್ಬ ವಯಸ್ಸಾದ ಮನುಷ್ಯನ ನೋವಾಗಿಯೇ ಕಾಣುತ್ತದೆ.

ಅದೇ ವರ್ಷ ಟೆನೆಸಿ ತನ್ನ ಕಾನೂನು ಸಡಿಲಿಸಿ, ಇನ್ನಷ್ಟು ಕೌಂಟಿಗಳಲ್ಲಿ ಭಟ್ಟಿಗೆ ಲೈಸೆನ್ಸ್ ಕೊಡಲು ದಾರಿ ಮಾಡಿತು. 2010ರಲ್ಲಿ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಮೂನ್‌ಶೈನ್ ಅಂಗಡಿ ತೆರೆಯಿತು. ಸಟನ್ ಹೆಸರಿನ ವಿಸ್ಕಿಯೂ ಮಾರುಕಟ್ಟೆಗೆ ಬಂತು.

ಅಕ್ಕನ ಮಗನಿಗೆ ಇಷ್ಟು ಬರೆದು ಕಳಿಸಿದೆ. ಅವನ ಮುಂದಿನ ಪ್ರಶ್ನೆ: 'ಹಾಗಾದ್ರೆ ಈಗ ಇದು ಕಾನೂನು ಪ್ರಕಾರ ಸರಿನಾ?' ಅಂಗಡಿಯದು ಸರಿ. ಮನೆಯಲ್ಲಿ ಸ್ವಂತಕ್ಕೆ ಅಂತ ಲೈಸೆನ್ಸ್ ಇಲ್ಲದೆ ಇಳಿಸುವುದು ಕೇಂದ್ರದ ಕಾನೂನಿನ ಪ್ರಕಾರ ಈಗಲೂ ಅಪರಾಧ. ಶೇಕಡ 50 ಆಲ್ಕೋಹಾಲ್ ಇರುವ ಮದ್ಯಕ್ಕೆ ಅಲ್ಲಿನ ಕೇಂದ್ರ ಅಬಕಾರಿ ತೆರಿಗೆಯ ಪೂರ್ಣ ದರ ಗ್ಯಾಲನ್‌ಗೆ 13 ಡಾಲರ್ 50 ಸೆಂಟ್, ಸಣ್ಣ ಭಟ್ಟಿಗಳಿಗೆ ರಿಯಾಯಿತಿ ಇದೆ. ಅವನು ಕೊಂಡ ಜಾರ್‌ನ ಬೆಲೆಯಲ್ಲಿ ಆ ತೆರಿಗೆ ಸೇರಿದೆ.